ಬಿಡ್ತು ಅನ್ನಬೇಡಿ

ನಮ್ಮ ಮನೆಗಳಲ್ಲಿ ಸಾವಿನ ಮಾತೆತ್ತಿದರೆ ಸಾಕು, ‘ಬಿಡ್ತು ಅನ್ನು’ ಎಂದು ಯಾರಾದರೂ ಗದರುತ್ತಾರೆ. ಮದುವೆಗೆ ಎಷ್ಟು ಅಕ್ಕಿ ಬೇಕು, ಯಾರಿಗೆ ಯಾವ ಸೀರೆ ಎಂದು ಆರು ತಿಂಗಳ ಮೊದಲೇ ಕೂತು ಲೆಕ್ಕ ಹಾಕುವ ನಾವು, ಬಂದೇ ಬರುವ ಸಾವಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ಕೊನೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಯಾರೋ ಚಾಚಿದ ಕಾಗದಕ್ಕೆ ಓದದೆ ಸಹಿ ಹಾಕುತ್ತೇವೆ.

ನಮ್ಮ ಅತ್ತೆ ಹಾಗಲ್ಲ. ಎಂಬತ್ತೆರಡನೆಯ ವಯಸ್ಸಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದ ಮೇಲೆ, ಒಂದು ಮಧ್ಯಾಹ್ನ ನಾನು ಹುರುಳಿಕಾಯಿ ಸೋಸುತ್ತಿದ್ದಾಗ ಹತ್ತಿರ ಬಂದು ಕೂತರು. “ನೋಡೇ, ನನ್ನ ಗಂಟಲಿಗೆ ಕೊಳವೆ ಹಾಕಿಸಬೇಡಿ. ನಿನ್ನ ಗಂಡ ಕೇಳಲ್ಲ, ನೀನೇ ಹೇಳು” ಎಂದರು. ಆ ಮಾತು ನನ್ನ ಬಾಯಿಂದ ಬಂದರೆ ‘ಸೊಸೆಗೆ ಸೇವೆ ಸಾಕಾಯಿತು’ ಎನ್ನುವವರು ನಮ್ಮಲ್ಲಿ ಕಡಿಮೆಯೇ? “ನೀವೇ ಎಲ್ಲರೆದುರು ಹೇಳಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ” ಎಂದೆ. ಭಾನುವಾರ ಊಟವಾದ ಮೇಲೆ ಹೇಳಿಯೇಬಿಟ್ಟರು. ಇವರು ಎದ್ದು ಅಂಗಳಕ್ಕೆ ಹೋದರು. ಮೈದುನ, “ಹಣದ ಚಿಂತೆ ನಿನಗ್ಯಾಕಮ್ಮ” ಎಂದ. ನಾದಿನಿ ಅತ್ತಳು. ಯಾರೂ ಹೂಂ ಅನ್ನಲಿಲ್ಲ. ಆದರೆ ಎಲ್ಲರ ಕಿವಿಗೂ ಬಿತ್ತು.

ಅತ್ತೆಯ ಈ ಬಯಕೆಗೆ ಕಾನೂನಿನ ಬಲವೂ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಮುಂಬಯಿಯ ಆಸ್ಪತ್ರೆಯಲ್ಲಿ 1973ರಿಂದ 2015ರವರೆಗೆ ಅರಿವಿಲ್ಲದೆ ಮಲಗಿದ್ದುದನ್ನು ನೆನೆಯಿರಿ. ಬರಿಯ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಗೆ ಆಕೆಯ ಮೊಕದ್ದಮೆಯಲ್ಲೇ, 2011ರಲ್ಲಿ, ಸುಪ್ರೀಂ ಕೋರ್ಟು ಮೊದಲು ದಾರಿ ತೆರೆಯಿತು. 2018ರಲ್ಲಿ ಘನತೆಯಿಂದ ಸಾಯುವುದೂ ಹಕ್ಕೆಂದಿತು. 2023ರಲ್ಲಿ ಕ್ರಮವನ್ನು ಸುಲಭ ಮಾಡಿತು. ಬುದ್ಧಿ ಸ್ವಸ್ಥವಿರುವಾಗ, ಇಬ್ಬರು ಸಾಕ್ಷಿಗಳೆದುರು ಬರೆದು, ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ನಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಆಮೇಲೂ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ನೋಡಿ ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದಕ್ಕೆ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಇದು ಸೂಜಿ ಚುಚ್ಚಿ ಸಾಯಿಸುವುದಲ್ಲ. ಬರುವ ಸಾವನ್ನು ಯಂತ್ರಗಳಿಂದ ಎಳೆದಾಡಿಸದಿರುವುದು, ಅಷ್ಟೆ.

ಚಿಕಿತ್ಸೆ ಬೇಡವೆಂದರೆ ಆರೈಕೆ ಬೇಡವೆಂದಲ್ಲ. ನೋವು ಕಳೆಯುವ ವೈದ್ಯವೇ ಬೇರೆ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ನಮ್ಮ ಅತ್ತೆಗೆ ಡಾಕ್ಟರು ಬರೆದುಕೊಟ್ಟ ಮಾರ್ಫಿನ್ ಮಾತ್ರೆಯಿಂದ ರಾತ್ರಿ ನಿದ್ದೆ ಬರುವಂತಾಯಿತು. ಎಚ್ಚರವಿದ್ದಾಗ ಮೊಮ್ಮಗಳಿಗೆ ಮೊಗ್ಗು ಕಟ್ಟಲು ಕಲಿಸಿದರು. ಆ ಮಗುವನ್ನು ಪಕ್ಕದ ಮನೆಗೆ ಕಳಿಸಿ ಎಂದವರಿದ್ದರು, ನಾವು ಕಳಿಸಲಿಲ್ಲ. ಕೊನೆಯ ಬೆಳಗ್ಗೆ ಉಸಿರು ಎಳೆಯತೊಡಗಿದಾಗ ಮೈದುನ ಫೋನಿನತ್ತ ಕೈ ಚಾಚಿದ. ಇವರು ಅವನ ಕೈ ಹಿಡಿದು, “ಅಮ್ಮ ಹೇಳಿದ್ದಳಲ್ಲೋ” ಎಂದರು. ಅಂಗಳಕ್ಕೆ ಎದ್ದು ಹೋಗಿದ್ದವರು ಇವರೇ.

ಹೆಂಗಸರಿಗೆ ದುಃಖಪಡಲು ಬಿಡುವೆಲ್ಲಿ? ಹದಿಮೂರು ದಿನ ಬಂದವರಿಗೆ ಕಾಫಿ, ಹಾಸಿಗೆ, ವೈಕುಂಠ ಸಮಾರಾಧನೆಯ ಅಡುಗೆ. ಎಲ್ಲರೂ ಹೊರಟ ಮೇಲೆ, ಔಷಧಿಯ ಬಾಟಲಿ ತೊಳೆಯುವಾಗ ನನಗೆ ಅಳು ಬಂತು. ಅಂಥ ಹೊತ್ತಿನಲ್ಲಿ ನೆರೆಮನೆಯಾಕೆ ‘ಸಮಾಧಾನ ಮಾಡ್ಕೊಳ್ಳಿ’ ಎನ್ನದೆ ಸುಮ್ಮನೆ ಕೂತಿದ್ದರೆ ಅದೇ ದೊಡ್ಡ ಉಪಕಾರ.

ಅಂದಿನಿಂದ ಇಂದಿನವರೆಗೆ ನಮ್ಮಲ್ಲಿ ‘ಇನ್ನೊಂದು ಆಸ್ಪತ್ರೆಗೆ ಒಯ್ಯಬೇಕಿತ್ತು’ ಎಂದು ಒಬ್ಬರು ಇನ್ನೊಬ್ಬರನ್ನು ದೂರಿಲ್ಲ. ಅದು ಅತ್ತೆ ಮಕ್ಕಳಿಗೆ ಬಿಟ್ಟುಹೋದ ಆಸ್ತಿ. ನಿಮ್ಮ ಮನೆಯಲ್ಲೂ ಹಿರಿಯರು ಇಂಥ ಮಾತೆತ್ತಿದರೆ ಬಾಯಿ ಮುಚ್ಚಿಸಬೇಡಿ. ಹತ್ತಿರ ಕೂತು ಕೇಳಿ.