ಲೋಕಾಪುರದ ಎರೆ ಹಾದಿಯಲ್ಲಿ ನಾಲ್ಕು ಚಕ್ರದ ಬಲ

ಲೋಕಾಪುರವನ್ನು ನಿಮ್ಮಲ್ಲಿ ಹೆಚ್ಚಿನವರು ಬಸ್ಸಿನ ಕಿಟಕಿಯಿಂದಷ್ಟೇ ನೋಡಿರುತ್ತೀರಿ. ಬಾಗಲಕೋಟೆಯಿಂದ ಬೆಳಗಾವಿ ಕಡೆ ಹೊರಟರೆ ಕಲಾದಗಿ ದಾಟಿದ ಮೇಲೆ ಈ ಊರು ಸಿಗುತ್ತದೆ. ಇಲ್ಲಿಂದ ಒಂದು ದಾರಿ ಮುಧೋಳ, ಜಮಖಂಡಿಗೆ ಹೋಗುತ್ತದೆ, ಇನ್ನೊಂದು ಯಾದವಾಡದ ಕಡೆಗೆ, ಮತ್ತೊಂದು ರಾಮದುರ್ಗಕ್ಕೆ. ಬಸ್ಸು ನಿಂತಾಗ ಇಳಿದು ಚಹಾ ಕುಡಿದು, ಮಿರ್ಚಿ ಭಜಿ ತಿಂದು, ಮತ್ತೆ ಹತ್ತಿ ಕುಳಿತರೆ ಲೋಕಾಪುರ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಈ ಊರಿನ ನಿಜವಾದ ಸ್ವಭಾವ ಡಾಂಬರು ಬಿಟ್ಟು ಹೊಲದ ಹಾದಿಗೆ ಇಳಿದಾಗ ಗೊತ್ತಾಗುತ್ತದೆ. ಈಗ ಮನೆಮನೆಗೂ ಕಾರು ಬಂದಿರುವುದರಿಂದ, ಅದರಲ್ಲೂ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡುವ ಕಾರುಗಳನ್ನು ನಮ್ಮ ಹುಡುಗರು ಇಷ್ಟಪಟ್ಟು ಕೊಳ್ಳುತ್ತಿರುವುದರಿಂದ, ಆ ಹಾದಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು.

ಕರಾವಳಿಯ ಓದುಗರಿಗೆ ಕೆಂಪು ಮುರಕಲ್ಲಿನ ರಸ್ತೆ ಗೊತ್ತು. ಮಳೆ ಬಂದರೆ ನೀರು ಹರಿದು ಹೋಗುತ್ತದೆ, ಕೆಳಗೆ ಗಟ್ಟಿ ನೆಲ ಉಳಿಯುತ್ತದೆ. ಲೋಕಾಪುರದ ಸುತ್ತ ಹಾಗಲ್ಲ. ಇಲ್ಲಿ ಕೆಲವೇ ಕಿಲೋಮೀಟರಿನೊಳಗೆ ಮೂರು ಬಗೆಯ ನೆಲ ಕಾಣಬಹುದು. ಒಂದು ಕಪ್ಪು ಎರೆ, ಇನ್ನೊಂದು ಕೆಂಪು ಮಸಾರಿ, ಮೂರನೆಯದು ಮೇಲೆ ಮಣ್ಣೇ ಇಲ್ಲದ ಸುಣ್ಣಕಲ್ಲಿನ ಹಾಸು. ಈ ಕಲ್ಲು ಬಹಳ ಪುರಾತನವಾದುದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಈ ಸುಣ್ಣಕಲ್ಲಿನಿಂದಲೇ.

ಎರೆ ಮಣ್ಣಿನ ಗುಣ ವಿಚಿತ್ರ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರಿಯುತ್ತದೆ, ಹೆಂಟೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಮೇಲ್ಪದರ ಸಾಬೂನಿನಂತೆ ಜಾರುತ್ತದೆ, ಕೆಳಗಿನದು ಅಂಟಿನಂತೆ ಹಿಡಿಯುತ್ತದೆ. ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಒಂದು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಟೈರಿಗೂ ಹಾಗೆಯೇ. ಟೈರಿನ ಗೀರುಗಳಲ್ಲಿ ಮಣ್ಣು ತುಂಬಿಕೊಂಡ ಕೂಡಲೇ ಹೊಸ ಟೈರೂ ಸವೆದ ಟೈರಿನಂತಾಗುತ್ತದೆ. ಆಗ ನಾಲ್ಕು ಚಕ್ರ ತಿರುಗಿದರೇನು, ಎರಡು ತಿರುಗಿದರೇನು? ನಾಲ್ಕು ಚಕ್ರಗಳೂ ಸೇರಿ ಜಾರುತ್ತವೆ, ಅಷ್ಟೇ.

ನಮ್ಮ ಭಾಗಕ್ಕೆ ನಾಲ್ಕು ಚಕ್ರದ ಬಲದ ವಾಹನ ಹೊಸದೇನಲ್ಲ. ಹಿಂದೆ ಸರಕಾರಿ ಅಧಿಕಾರಿಗಳು ಹಳ್ಳಿಗೆ ಬರುತ್ತಿದ್ದುದೇ ಜೀಪಿನಲ್ಲಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಿ ಮಾರಿದ ಮಹೀಂದ್ರ ಕಂಪನಿ 1945ರಲ್ಲಿ ಆರಂಭವಾದಾಗ ಅದರ ಹೆಸರು ‘ಮಹೀಂದ್ರ ಆಂಡ್ ಮೊಹಮ್ಮದ್’ ಎಂದಿತ್ತು. ಪಾಲುದಾರರಾಗಿದ್ದ ಮಲಿಕ್ ಗುಲಾಮ್ ಮುಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಬದಲಾಯಿತು. ಇದು ವಿಷಯಕ್ಕೆ ಸ್ವಲ್ಪ ಹೊರಗಿನ ಮಾತಾದರೂ ನಮ್ಮ ಮಕ್ಕಳಿಗೆ ತಿಳಿದಿರಲಿ ಎಂದು ಹೇಳಿದೆ.

ಜೀಪಿನ ಕಾಲ ಬೇರೆ. ಅದರ ಹೊಟ್ಟೆಯ ಕೆಳಗೆ ದಪ್ಪ ಕಬ್ಬಿಣದ ಚೌಕಟ್ಟು ಇರುತ್ತಿತ್ತು, ಓಡಿಸುವವನು ನೆಲ ಬಲ್ಲ ಡ್ರೈವರ್ ಆಗಿರುತ್ತಿದ್ದ. ಇಂದಿನ ಥಾರ್, ಜಿಮ್ನಿಗಳಲ್ಲಿ ಆ ಚೌಕಟ್ಟು ಉಳಿದಿದೆ. ಆದರೆ ಕುಟುಂಬದವರು ಕೊಳ್ಳುವ ಆಲ್ ವ್ಹೀಲ್ ಡ್ರೈವ್ ಕಾರುಗಳು ಹೆಚ್ಚಾಗಿ ಪೇಟೆಯ ಕಾರಿನ ದೇಹಕ್ಕೇ ಹಿಂದಿನ ಚಕ್ರದ ಬಲವನ್ನು ಸೇರಿಸಿ ಮಾಡಿದವು. ಕೆಳಗೆ ಅನೇಕ ಕಡೆ ಪ್ಲಾಸ್ಟಿಕ್ ಹೊದಿಕೆ ಮಾತ್ರ ಇರುತ್ತದೆ. ಗ್ರ್ಯಾಂಡ್ ವಿಟಾರಾವನ್ನು ಉದಾಹರಣೆಗೆ ನೋಡಿ. ಎರಡು ಚಕ್ರದ ಬಲದ್ದಾಗಲಿ ನಾಲ್ಕು ಚಕ್ರದ ಬಲದ್ದಾಗಲಿ, ಕಂಪನಿ ಹೇಳುವ ನೆಲದಿಂದ ಎತ್ತರ 210 ಮಿ.ಮೀ. ಹೆಚ್ಚು ಹಣ ಕೊಟ್ಟು ನಾಲ್ಕು ಚಕ್ರದ ಬಲ ತೆಗೆದುಕೊಂಡ ಮಾತ್ರಕ್ಕೆ ಹೊಟ್ಟೆ ಒಂದು ಬೆರಳೂ ಮೇಲೇಳುವುದಿಲ್ಲ. ಅದರ ಬದಲು ಹಿಂದಕ್ಕೆ ಹೋಗುವ ಉದ್ದನೆಯ ಶಾಫ್ಟ್, ಹಿಂದಿನ ಡಿಫರೆನ್ಷಿಯಲ್, ಅವೆರಡನ್ನು ಜೋಡಿಸುವ ಕ್ಲಚ್, ಹೀಗೆ ಪೆಟ್ಟು ತಿನ್ನುವ ವಸ್ತುಗಳು ಕೆಳಗೆ ಇನ್ನಷ್ಟು ಸೇರಿಕೊಳ್ಳುತ್ತವೆ. ಐದು ಜನ ಕುಳಿತು, ಹಿಂದೆ ಅಕ್ಕಿ ಚೀಲ ಇಟ್ಟರೆ ಆ 210 ಮಿ.ಮೀ. ಕೂಡ ಉಳಿಯುವುದಿಲ್ಲ.

ಲೋಕಾಪುರದ ಹೊಲದ ಹಾದಿಯನ್ನು ಮಾಡುವುದು ಚಕ್ಕಡಿ ಮತ್ತು ಟ್ರ್ಯಾಕ್ಟರ್. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಸಿ ನೆಲದಲ್ಲಿ ಹೋಗಿ ಎರಡು ಕಡೆ ಆಳವಾದ ಜಾಡು ಬೀಳುತ್ತದೆ. ನಡುವೆ ದಿಣ್ಣೆ ಉಳಿಯುತ್ತದೆ, ಅದರ ಮೇಲೆ ಹುಲ್ಲು ಬೆಳೆಯುತ್ತದೆ. ಹುಲ್ಲಿನೊಳಗೆ ಸುಣ್ಣಕಲ್ಲಿನ ಚೂಪು ತುದಿ ಕೂತಿರುತ್ತದೆ. ಟ್ರ್ಯಾಕ್ಟರ್‌ಗೆ ಅದು ಲೆಕ್ಕಕ್ಕಿಲ್ಲ. ಕಾರಿನ ಚಕ್ರ ಅದೇ ಜಾಡಿನಲ್ಲಿ ಇಳಿದರೆ ಹೊಟ್ಟೆ ನೇರವಾಗಿ ದಿಣ್ಣೆಯ ಮೇಲೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಮನೆಯವರ ಅಣ್ಣ ಗಲ್ಫಿನಿಂದ ರಜೆಯಲ್ಲಿ ಬಂದು ಇಂತಹದೇ ಒಂದು ಕಾರು ತಂದಿದ್ದರು. ಲೋಕಾಪುರದಿಂದ ಒಳಗೆ ತೋಟದ ಮನೆಯೊಂದರಲ್ಲಿ ನೆಂಟರ ಮಗಳ ನಿಶ್ಚಿತಾರ್ಥ. ಹಿಂದಿನ ದಿನ ಒಂದು ಮಳೆ ಆಗಿತ್ತು. ಡಾಂಬರು ಮುಗಿಯುವಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. “ಸಾಹೇಬ್ರ, ಎರಿ ಇನ್ನಾ ಹಸಿ ಐತ್ರಿ. ಗಾಡಿ ಇಲ್ಲೇ ಗಿಡದ ಬುಡಕ ಬಿಟ್ಟು ನಡಕೊಂತ ಹೋಗ್ರಿ” ಎಂದರು. ಭಾವ ನಕ್ಕರು. “ಕಾಕಾ, ಇದು ಮರಳುಗಾಡಿನಾಗ ಓಡೂ ಗಾಡಿ.” ನಾನೂ ನಡೆಯೋಣವೆಂದೆ, ಅವರು ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯವರಿದ್ದರು, ಅವರಿಗೆ ಮೊಣಕಾಲು ನೋವು. ಅದೂ ಒಂದು ಕಾರಣ.

ಅರ್ಧ ಕಿಲೋಮೀಟರಿನವರೆಗೆ ಕಾರು ಚೆನ್ನಾಗಿಯೇ ಹೋಯಿತು. ಸಾಮಾನ್ಯ ಕಾರಾಗಿದ್ದರೆ ನೂರು ಮಾರಿನಲ್ಲೇ ನಿಂತು, ನಾವು ಇಳಿದು ನಡೆಯುತ್ತಿದ್ದೆವು. ನಾಲ್ಕು ಚಕ್ರದ ಬಲ ನಮ್ಮನ್ನು ತಿರುಗಿಸಲು ಜಾಗವಿಲ್ಲದ ಕಡೆಗೆ ಕರೆದೊಯ್ದಿತು. ಜಾಡು ಆಳವಾದಂತೆ ಭಾವ ವೇಗ ಹೆಚ್ಚಿಸಿದರು. ಮರಳಿನಲ್ಲಿ ಅದು ಸರಿ, ವೇಗ ಬಿಟ್ಟರೆ ಮರಳು ಹೂತುಬಿಡುತ್ತದೆ. ಆದರೆ ಮರಳಿನಲ್ಲಿ ಕಲ್ಲಿರಲಿಲ್ಲ! ಕೆಳಗಿನಿಂದ ಒಂದು ಪೆಟ್ಟು ಕೇಳಿತು, ಸುತ್ತಿಗೆಯಿಂದ ಹೊಡೆದ ಹಾಗೆ. ಸ್ವಲ್ಪ ಹೊತ್ತಿಗೆ ಎಣ್ಣೆಯ ಕೆಂಪು ದೀಪ ಹತ್ತಿತು. ಭಾವ ತಕ್ಷಣ ಎಂಜಿನ್ ನಿಲ್ಲಿಸಿದರು. ಆ ದಿನ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸವೆಂದರೆ ಅದೇ. ಎಣ್ಣೆಯ ತೊಟ್ಟಿ, ಮೆಕ್ಯಾನಿಕ್‌ಗಳು ಸಂಪ್ ಅನ್ನುತ್ತಾರಲ್ಲ, ಅದು ಬಿರುಕು ಬಿಟ್ಟಿತ್ತು. ಇನ್ನೆರಡು ನಿಮಿಷ ಓಡಿಸಿದ್ದರೆ ಎಣ್ಣೆಯಿಲ್ಲದೆ ಎಂಜಿನ್ನೇ ಹಿಡಿದುಕೊಳ್ಳುತ್ತಿತ್ತು.

ಅತ್ತೆಯವರು ಕೊನೆಗೆ ಚಕ್ಕಡಿಯಲ್ಲಿ ಕುಳಿತು ನಿಶ್ಚಿತಾರ್ಥಕ್ಕೆ ತಲುಪಿದರು. ಕಾರನ್ನು ಟ್ರ್ಯಾಕ್ಟರ್ ಡಾಂಬರಿಗೆ ತಂದು ಹಾಕಿತು. ಅಲ್ಲಿಂದ ಮುಂದಿನ ಚಕ್ರ ಎತ್ತಿ ಎಳೆದೊಯ್ಯಲು ಒಂದು ಕ್ರೇನ್ ಬಂತು. ಲೋಕಾಪುರದ ಮೆಕ್ಯಾನಿಕ್ ಹುಡುಗನೊಬ್ಬ ತಡೆದ. “ಮಾಸ್ತರ್ರ, ಇದರ ಹಿಂದಿನ ಗಾಲಿಗೂ ಕನೆಕ್ಷನ್ ಐತ್ರಿ. ಎರಡು ಗಾಲಿ ನೆಲಕ್ಕ ಬಿಟ್ಟು ಎಳದ್ರ ಕ್ಲಚ್ ಸುಡತೈತಿ” ಎಂದ. ಅವನ ಮಾತು ನಿಜ. ಇಂತಹ ಕಾರನ್ನು ಇಡಿಯಾಗಿ ಲಾರಿಯ ಮೇಲೆ ಹತ್ತಿಸಿಯೇ ಒಯ್ಯಬೇಕೆಂದು ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಆ ಪುಸ್ತಕ ಓದುವವರು ಯಾರು? ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿರುತ್ತೇವೆ.

ಆ ಹುಡುಗನಿಂದ ಕೇಳಿ ತಿಳಿದ ಇನ್ನೊಂದು ವಿಷಯ ಟೈರಿನದು. ನಾಲ್ಕು ಚಕ್ರದ ಬಲದ ಕಾರಿನಲ್ಲಿ ನಾಲ್ಕೂ ಟೈರುಗಳು ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಆಗಿರಬೇಕು. ಸುಣ್ಣಕಲ್ಲು ಒಂದು ಟೈರಿನ ಪಕ್ಕೆಯನ್ನು ಕೊಯ್ದಾಗ ಆ ಒಂದನ್ನೇ ಹೊಸದಾಗಿ ಹಾಕಿಸುವುದು ನಮ್ಮ ರೂಢಿ. ಹೊಸ ಟೈರಿನ ಸುತ್ತಳತೆ ಹೆಚ್ಚು, ಹಳೆಯದರದು ಕಡಿಮೆ. ಕಾರು ನೇರ ಹೋಗುತ್ತಿದ್ದರೂ ಅವು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನಡುವಿನ ಕ್ಲಚ್ ಅಥವಾ ಡಿಫರೆನ್ಷಿಯಲ್ ಅದನ್ನು ಸದಾ ತಾಳಿಕೊಂಡು ಬಿಸಿಯಾಗಿ ಬೇಗ ಸವೆಯುತ್ತದೆ. ಹೂತುಹೋದ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿಹಿಡಿದು ಚಕ್ರಗಳನ್ನು ಸುಮ್ಮನೆ ತಿರುಗಿಸಿದರೂ ಅಷ್ಟೇ, ಕ್ಲಚ್ ಬಿಸಿಯಾಗುತ್ತದೆ. ಕೆಲವು ಕಾರುಗಳು ಆಗ ತಾವಾಗಿಯೇ ಹಿಂದಿನ ಚಕ್ರದ ಬಲವನ್ನು ಕಡಿದು ಹಾಕುತ್ತವೆ. ಬೇಕಾದ ಹೊತ್ತಿಗೆ ನಾಲ್ಕು ಎರಡಾಗಿರುತ್ತದೆ.

ಒಣ ಕಾಲದಲ್ಲಿ ಭಯವಿಲ್ಲವೆಂದು ತಿಳಿಯಬೇಡಿ. ಕಬ್ಬು ಕಡಿದ ಹೊಲದಲ್ಲಿ ರವದಿ ಬಿದ್ದಿರುತ್ತದೆ. ಕಾರಿನ ಸೈಲೆನ್ಸರ್ ಸಾಲು ಕಾದಿರುವಾಗ ಒಣ ರವದಿಯ ಮೇಲೆ ಕಾರು ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಹೊಲ ದಾಟಿ ಬಂದ ಮೇಲೆ ಒಮ್ಮೆ ಬಗ್ಗಿ ನೋಡಿ, ಸಿಕ್ಕಿಕೊಂಡ ರವದಿಯನ್ನು ಕಿತ್ತು ಹಾಕುವುದು ಒಳ್ಳೆಯದು. ಧೂಳಿನಲ್ಲಿ ಓಡಾಡಿದ ಕಾರಿನ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದರ ಖರ್ಚು ಸಣ್ಣದು.

ದೊಡ್ಡ ಅಪಾಯ ನೀರಿನದು. ಘಟಪ್ರಭೆ ತುಂಬಿದಾಗ ಮುಧೋಳದ ಬಳಿ ಯಾದವಾಡದ ಸೇತುವೆ, ಮಹಾಲಿಂಗಪುರದ ಕಡೆ ಢವಳೇಶ್ವರದ ಸೇತುವೆ ಮುಳುಗುವುದು ಈ ಭಾಗದವರಿಗೆ ಗೊತ್ತಿರುವ ಸಂಗತಿ. 2019ರ ಆಗಸ್ಟ್‌ನಲ್ಲಿ ಮುಧೋಳ ತಾಲೂಕಿನ ಎಷ್ಟೋ ಹಳ್ಳಿಗಳು ನೀರು ಕಂಡವು. ನದಿಯಷ್ಟೇ ಅಲ್ಲ, ಲೋಕಾಪುರದ ಸುತ್ತಲಿನ ಸಣ್ಣ ಹಳ್ಳವೂ ಒಂದು ಜೋರು ಮಳೆಗೆ ರಸ್ತೆಯ ಮೇಲೆ ಹರಿಯುತ್ತದೆ. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿ ಇದ್ದರೆ ಎತ್ತರದ ಗಾಡಿಯನ್ನೂ ಎಳೆದೊಯ್ಯಬಲ್ಲದು. ತೇಲಿದ ಕಾರಿನ ನಾಲ್ಕೂ ಚಕ್ರಗಳು ನೀರಿನಲ್ಲಿ ತಿರುಗುತ್ತವೆ, ಅವಕ್ಕೆ ನೆಲವೇ ಇರುವುದಿಲ್ಲ. ಕೊಚ್ಚಿಹೋಗದೆ ಉಳಿದರೂ ಗಾಳಿ ಎಳೆಯುವ ಕೊಳವೆಯಲ್ಲಿ ನೀರು ಹೊಕ್ಕರೆ ಎಂಜಿನ್‌ನ ಒಳಗಿನ ರಾಡು ಬಾಗಿಹೋಗುತ್ತದೆ. ನಿಂತ ಎಂಜಿನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಹಾಳು ಮಾಡಿಕೊಂಡರೆ ಸಾಮಾನ್ಯ ವಿಮೆ ಹೆಚ್ಚಾಗಿ ಅದನ್ನು ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಪ್ರತ್ಯೇಕ ಭಾಗವನ್ನು ಪಾಲಿಸಿಗೆ ಸೇರಿಸಿದ್ದೀರಾ ಎಂದು ಇಂದೇ ನೋಡಿಕೊಳ್ಳಿ. ಸಾಲದ ಕಂತು ಇನ್ನೂ ನಾಲ್ಕು ವರ್ಷ ಬಾಕಿಯಿರುವಾಗ ಎಂಜಿನ್ ಹೋದರೆ ಮಕ್ಕಳ ಫೀಸಿನ ಹಣ ಗ್ಯಾರೇಜಿಗೆ ಹೋಗುತ್ತದೆ.

ಹೊಲಕ್ಕೆ ಹೋಗಲೇಬೇಕಾದರೆ ಈ ಕಡೆಯವರು ಮಾಡುವುದನ್ನು ನೋಡಿ. ಮೊದಲು ಒಬ್ಬರು ಇಳಿದು ನಡೆದು ನೋಡುತ್ತಾರೆ. ಕಾಲು ಹೂತರೆ ಕಾರು ಅಲ್ಲೇ ನಿಲ್ಲುತ್ತದೆ. ಗಟ್ಟಿಯಿದ್ದರೆ ಚಕ್ರವನ್ನು ಜಾಡಿನೊಳಗೆ ಇಳಿಸದೆ, ಒಂದು ಕಡೆಯದನ್ನು ನಡುದಿಣ್ಣೆಯ ಮೇಲೆ, ಇನ್ನೊಂದನ್ನು ಅಂಚಿನ ಮೇಲೆ ಇಟ್ಟು ನಡೆಯುವ ವೇಗದಲ್ಲಿ ಹೋಗುತ್ತಾರೆ. ಗರಸು ಹಾಕಿದ ದಾರಿ ಸುತ್ತಾದರೂ ಅದನ್ನೇ ಹಿಡಿಯುತ್ತಾರೆ.

ಥಾರ್, ಜಿಮ್ನಿಯಂತಹ ಗಾಡಿಯವರು ಡಾಂಬರಿಗೆ ಬಂದ ಕೂಡಲೇ ಗೇರನ್ನು ಎರಡು ಚಕ್ರದ ಬಲಕ್ಕೆ ಮರಳಿಸಬೇಕು. ನಾಲ್ಕರಲ್ಲೇ ಬಿಟ್ಟು ಒಣ ರಸ್ತೆಯಲ್ಲಿ ತಿರುವು ಹೊಡೆದರೆ ಹಿಂದು ಮುಂದಿನ ಶಾಫ್ಟ್‌ಗಳು ಒಂದರೊಡನೊಂದು ಬಿಗಿದುಕೊಳ್ಳುತ್ತವೆ. ಮತ್ತೆ, ಕಾರನ್ನು ತೊಳೆಸುವಾಗ ಮೇಲಿನ ಬಣ್ಣಕ್ಕಿಂತ ಚಕ್ರದ ಒಳಬದಿಗೆ ನೀರು ಹೊಡೆಯಲು ಹೇಳಿ. ಅಲ್ಲಿ ಅಂಟಿದ ಎರೆ ಒಣಗಿ ಕಲ್ಲಾದರೆ ಬೆಳಗಾವಿ ರಸ್ತೆಯಲ್ಲಿ ಎಂಬತ್ತರ ವೇಗಕ್ಕೆ ಸ್ಟಿಯರಿಂಗ್ ನಡುಗುತ್ತದೆ. ವ್ಹೀಲ್ ಬ್ಯಾಲೆನ್ಸಿಂಗ್ ಎಂದು ಹಣ ಕೊಡುವ ಮೊದಲು ಒಂದು ಕೋಲಿನಿಂದ ಆ ಮಣ್ಣನ್ನು ಕೆರೆದು ನೋಡಿ.