ನಕ್ಷತ್ರ ಕಂಡ ವರ್ಷ, ಆಲೂಗೆಡ್ಡೆ ಕೊಳೆತ ವರ್ಷ

ಐರ್ಲೆಂಡಿನ ಭೂಪಟ ಬಿಡಿಸಿ ಅದರ ನಡುಭಾಗದಲ್ಲಿ ಬೆರಳಿಟ್ಟರೆ ಆಫಲಿ ಎಂಬ ಜಿಲ್ಲೆ ಸಿಗುತ್ತದೆ. ಆ ಜಿಲ್ಲೆಯ ಒಂದು ಪುಟ್ಟ ಪೇಟೆಯ ಹೆಸರು ಬರ್. ಸುತ್ತಲೂ ಹುಲ್ಲುಗಾವಲು, ಜೌಗು ನೆಲ. ಕ್ಯಾಮ್ಕೋರ್ ಮತ್ತು ಲಿಟಲ್ ಬ್ರಾಸ್ನಾ ಎಂಬ ಎರಡು ಸಣ್ಣ ಹೊಳೆಗಳು ಇಲ್ಲಿ ಕೂಡುತ್ತವೆ. ನೀರಿರುವ ತಾಣ ಎಂಬುದೇ ಊರ ಹೆಸರಿನ ಅರ್ಥ. ಹಿಂದಿನಿಂದಲೂ ಇದು ಸುತ್ತಲ ಹಳ್ಳಿಗಳವರು ಬಂದು ಮಾರಾಟ, ಖರೀದಿ ಮಾಡಿಕೊಂಡು ಹೋಗುವ ಸಂತೆಯ ಊರು.

ಇಂಥ ಊರಿಗೆಂಥ ಚರಿತ್ರೆ ಎಂದು ಕೇಳುವವರುಂಟು. ಆದರೆ ಕ್ರಿ.ಶ. 697ರಷ್ಟು ಹಿಂದೆಯೇ ಧರ್ಮಗುರುಗಳೂ ಅರಸರೂ ಇಲ್ಲಿ ಸಭೆ ಸೇರಿ, ಯುದ್ಧದಲ್ಲಿ ಹೆಂಗಸರು, ಮಕ್ಕಳು ಮತ್ತು ಪಾದ್ರಿಗಳ ಮೇಲೆ ಕೈಮಾಡಬಾರದೆಂದು ಕಟ್ಟಳೆ ಮಾಡಿದರು. ಅದನ್ನು ಮುಂದಿಟ್ಟವನು ಅಡಮ್ನಾನ್ ಎಂಬ ಸಂತ. ಮುಂದೆ ಇಲ್ಲಿನ ಒಡೆತನ ಓ'ಕ್ಯಾರೊಲ್ ಎಂಬ ಸ್ಥಳೀಯ ಮನೆತನದ್ದಾಗಿತ್ತು. 1620ರಲ್ಲಿ ಇಂಗ್ಲಿಷ್ ಸರಕಾರ ಕೋಟೆಯನ್ನೂ ಸುತ್ತಲ ಭೂಮಿಯನ್ನೂ ಪಾರ್ಸನ್ಸ್ ಮನೆತನಕ್ಕೆ ಕೊಟ್ಟಿತು. ಊರಿಗೇ ಪಾರ್ಸನ್ಸ್‌ಟೌನ್ ಎಂಬ ಹೆಸರು ಬಿತ್ತು. ಎಷ್ಟೋ ಕಾಲದ ಮೇಲೆ ಹಳೆಯ ಹೆಸರೇ ಗೆದ್ದಿತು.

ಆ ಮನೆತನದಲ್ಲಿ 1800ರಲ್ಲಿ ಹುಟ್ಟಿದವನು ವಿಲಿಯಂ ಪಾರ್ಸನ್ಸ್. ಮುಂದೆ ರಾಸ್‌ನ ಮೂರನೆಯ ಅರ್ಲ್ ಎಂಬ ಪದವಿ ಪಡೆದ ಈತನಿಗೆ ಜಮೀನ್ದಾರರ ಎಂದಿನ ಬೇಟೆ, ಕುದುರೆಗಳಿಗಿಂತ ಕುಲುಮೆಯೇ ಪ್ರಿಯವಾಗಿತ್ತು. ಆಕಾಶದಲ್ಲಿ ಮಸುಕು ಮೋಡದಂತೆ ಕಾಣುವ ನೀಹಾರಿಕೆಗಳು ನಿಜಕ್ಕೂ ಏನು ಎಂಬ ಪ್ರಶ್ನೆ ಆತನನ್ನು ಕಾಡುತ್ತಿತ್ತು. ಅದನ್ನು ಬಿಡಿಸಲು ಅಲ್ಲಿಯವರೆಗೆ ಯಾರೂ ಮಾಡಿರದಷ್ಟು ದೊಡ್ಡ ದೂರದರ್ಶಕ ಬೇಕಿತ್ತು.

ಗಾಜಿಗೆ ಬೆಳ್ಳಿ ಲೇಪಿಸಿ ದೂರದರ್ಶಕದ ಕನ್ನಡಿ ಮಾಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ತಾಮ್ರ ಎರಡು ಪಾಲು, ತವರ ಒಂದು ಪಾಲು ಕರಗಿಸಿ ಎರಕ ಹೊಯ್ಯಬೇಕು. ಗಂಟೆ ಎರಕ ಹೊಯ್ಯುವ ಕಂಚಿನಲ್ಲಿಯೂ ಇರುವುದು ಈ ಎರಡೇ ಲೋಹ. ಆದರೆ ತವರ ಇಷ್ಟು ಹೆಚ್ಚಾದರೆ ಲೋಹ ಬೆಳ್ಳಗೆ ಹೊಳೆಯುತ್ತದೆ, ಜೊತೆಗೆ ಗಾಜಿನಂತೆ ಒಡೆಯುತ್ತದೆ. ಆರು ಅಡಿ ಅಗಲ, ಸುಮಾರು ಮೂರು ಟನ್ ತೂಕದ ಬಿಲ್ಲೆ ಅದು. ಅಂಚು ಬೇಗ ತಣಿದು ನಡುಭಾಗ ಬಿಸಿಯಾಗಿಯೇ ಉಳಿದರೆ ಬಿರುಕು ಖಂಡಿತ. ಆದ್ದರಿಂದ ಅದನ್ನು ಕಾದ ಗೂಡಿನೊಳಗಿಟ್ಟು ವಾರಗಟ್ಟಲೆ ನಿಧಾನವಾಗಿ ಆರಿಸಬೇಕಿತ್ತು. 1842ರ ಏಪ್ರಿಲ್‌ನಲ್ಲಿ ಮೊದಲ ಎರಕ ನಡೆಯಿತು. ಹಲವು ಪ್ರಯತ್ನಗಳ ಮೇಲೆ ಬಳಸಲು ಯೋಗ್ಯವಾದ ಎರಡು ಕನ್ನಡಿಗಳು ಸಿಕ್ಕವು.

ಕುಲುಮೆಗೆ ಹಾಕಿದ್ದು ಆ ಸೀಮೆಯ ಜೌಗು ನೆಲದ ಪೀಟ್. ಸಾವಿರಾರು ವರ್ಷ ನೀರಿನಡಿ ಕೂಡಿಬಿದ್ದ ಗಿಡಪಾಚಿಗಳ ಈ ಕಪ್ಪು ಹೆಂಟೆಯನ್ನು ಅಗೆದು ಒಣಗಿಸಿ ಅಲ್ಲಿನವರು ಒಲೆಗೆ ಸೌದೆಯಂತೆ ಬಳಸುತ್ತಿದ್ದರು. ಕೆಲಸಕ್ಕೆ ನಿಂತವರು ಊರಿನ ಕಮ್ಮಾರರು, ಬಡಗಿಗಳು, ಗಾರೆಯವರು. ಲಂಡನ್ನಿನಿಂದ ಕುಶಲಕರ್ಮಿಗಳನ್ನು ಕರೆಸದೆ ಅರ್ಲ್ ತನ್ನ ಜಹಗೀರಿನ ಆಳುಗಳಿಗೇ ಕೆಲಸ ಕಲಿಸಿದ. ಕನ್ನಡಿಯನ್ನು ಉಜ್ಜಿ ನಯಗೊಳಿಸಲು ಹಬೆಯ ಯಂತ್ರ ಹೂಡಿದ. ಸುಮಾರು 54 ಅಡಿ ಉದ್ದದ ಮರದ ಕೊಳವೆಯನ್ನು ಎರಡು ಎತ್ತರದ ಗೋಡೆಗಳ ನಡುವೆ ಸರಪಳಿಗಳಲ್ಲಿ ತೂಗುಹಾಕಿದರು. ಅದರೊಳಗೆ ಒಬ್ಬ ಪಾದ್ರಿ ಕೊಡೆ ಬಿಚ್ಚಿ ಹಿಡಿದುಕೊಂಡೇ ಈ ತುದಿಯಿಂದ ಆ ತುದಿಗೆ ನಡೆದುಹೋದರಂತೆ! 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ನಿನ ನೂರು ಇಂಚಿನ ದೂರದರ್ಶಕ ಬರುವವರೆಗೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದಿರಲಿಲ್ಲ.

1845ರ ಫೆಬ್ರುವರಿಯಲ್ಲಿ ಅದು ಆಕಾಶಕ್ಕೆ ಮುಖ ಮಾಡಿತು. ಏಪ್ರಿಲ್‌ನಲ್ಲಿ ಅರ್ಲ್ ಮೆಸ್ಸಿಯೇ ಪಟ್ಟಿಯ 51ನೆಯ ಕಾಯವನ್ನು ನೋಡಿದ. ಮಸುಕು ಮಚ್ಚೆಯ ಜಾಗದಲ್ಲಿ ಸುಳಿಸುಳಿಯಾದ ತೋಳುಗಳು ಕಂಡವು! ಕಂಡದ್ದನ್ನು ಕೈಯಿಂದಲೇ ಚಿತ್ರ ಬರೆದ. ಅದು ಎರಡು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆಯ ಇನ್ನೊಂದು ಗೆಲಾಕ್ಸಿ ಎಂದು ತಿಳಿಯಲು 1920ರ ದಶಕವೇ ಬರಬೇಕಾಯಿತು.

ಅದೇ 1845ರ ಸೆಪ್ಟೆಂಬರ್ ಹೊತ್ತಿಗೆ ಐರ್ಲೆಂಡಿನ ಹೊಲಗಳಲ್ಲಿ ಬೇರೊಂದು ಸಂಗತಿ ಕಂಡಿತು. ಹಸಿರಾಗಿದ್ದ ಆಲೂಗೆಡ್ಡೆ ಎಲೆಗಳ ಮೇಲೆ ಕಪ್ಪು ಕಲೆ. ಅಗೆದು ನೋಡಿದರೆ ಗೆಡ್ಡೆ ಕೊಳೆತು ನಾರುತ್ತಿತ್ತು. ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಆಲೂಗೆಡ್ಡೆಯೊಂದೇ. ಬೆಳೆದ ಧಾನ್ಯ ಗೇಣಿಗೆ ಹೋಗುತ್ತಿತ್ತು, ಹಡಗೇರಿ ಹೊರದೇಶಕ್ಕೂ ಹೋಗುತ್ತಿತ್ತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು. ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. 1841ರಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಕನ್ನಡಿಯ ಎರಕ ಹೊಯ್ದ 1842ರಲ್ಲೇ ಬರ್‌ನಲ್ಲಿ ದಿಕ್ಕಿಲ್ಲದವರಿಗಾಗಿ ಸರಕಾರದ ಬಡವರ ಮನೆಯೊಂದು ತೆರೆದಿತ್ತು.

ಆಗ ಬರ್‌ನ ದೊಡ್ಡ ದೂರದರ್ಶಕ ಸುಮ್ಮನಾಯಿತು. ಅರ್ಲ್ ಸುಮಾರು ಮೂರು ವರ್ಷ ವೀಕ್ಷಣೆಯನ್ನು ಬಹುಮಟ್ಟಿಗೆ ನಿಲ್ಲಿಸಿ ಪರಿಹಾರದ ಕೆಲಸಕ್ಕೆ ಇಳಿದ. ಅವನ ಹೆಂಡತಿ ಮೇರಿ ಕೋಟೆಯ ಸುತ್ತ ಕಂದಕ ತೋಡಿಸುವ, ಗೋಡೆ ಕಟ್ಟಿಸುವ ಕೆಲಸ ಹೂಡಿದಳು. ಐನೂರಕ್ಕೂ ಹೆಚ್ಚು ಜನರಿಗೆ ಅದರಿಂದ ಕೂಲಿ ಸಿಕ್ಕಿತೆಂದು ಹೇಳುತ್ತಾರೆ.

ದೂರದರ್ಶಕಕ್ಕೆ ಸುರಿದ ಹಣದಲ್ಲಿ ಊರಿಗೆ ಅನ್ನ ಹಾಕಬಹುದಿತ್ತಲ್ಲ ಎಂದು ಯಾವ ವಿದ್ಯಾರ್ಥಿಯಾದರೂ ಕೇಳಿಯಾನು. ನ್ಯಾಯವಾದ ಪ್ರಶ್ನೆಯೇ. ಆ ಸಿರಿತನದ ಬೇರು ರೈತರು ಕೊಟ್ಟ ಗೇಣಿಯಲ್ಲಿತ್ತು. ಆ ಭೂಮಿಯೂ ಒಂದು ಕಾಲಕ್ಕೆ ಇನ್ನೊಬ್ಬರಿಂದ ಕಸಿದದ್ದು. ಕೆಲವು ವರ್ಷಗಳ ಕೂಲಿ ಈ ಲೆಕ್ಕವನ್ನು ತೀರಿಸುವುದಿಲ್ಲ. ಆದರೆ ಕ್ಷಾಮಕ್ಕೆ ಕಾರಣ ವಿಜ್ಞಾನದ ಮೇಲಿನ ಖರ್ಚಲ್ಲ. ಭೂಮಿ ಕೆಲವರ ಕೈಯಲ್ಲಿತ್ತು, ಬಡವನ ಪಾಲಿಗೆ ಒಂದೇ ಬೆಳೆ ಉಳಿದಿತ್ತು, ಆಳುವವರಿಗೆ ಕನಿಕರ ಸಾಲದಾಗಿತ್ತು. ಇವುಗಳ ಜೊತೆಗೆ, ಆ ಕಪ್ಪು ಕಲೆ ಏನೆಂಬುದು ಗೊತ್ತಿರಲಿಲ್ಲ.

ಕೋಟ್ಯಂತರ ಜ್ಯೋತಿರ್ವರ್ಷ ದೂರ ನೋಡಿದ ಕಣ್ಣಿಗೆ ಕಾಲ ಬುಡದ ಎಲೆಯ ಮೇಲಿನ ಶತ್ರು ಕಾಣಲಿಲ್ಲ. ಅದಕ್ಕೆ ಬೇಕಾದದ್ದು ಸೂಕ್ಷ್ಮದರ್ಶಕ. ಕಾರಣ ಒಂದು ಶಿಲೀಂಧ್ರವೆಂದು 1846ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಎಂಬ ಪಾದ್ರಿ ವಾದಿಸಿದಾಗ ಹಲವರು ಒಪ್ಪಲಿಲ್ಲ. 1861ರಲ್ಲಿ ಜರ್ಮನಿಯ ಡಿ ಬಾರಿ ಅದನ್ನು ಸಿದ್ಧಪಡಿಸಿ ತೋರಿಸಿದ. ಶಿಲೀಂಧ್ರದಂತೆ ಕಾಣುವ ಆ ಜೀವಿಯ ಹೆಸರು ಫೈಟಾಫ್ತೊರ. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಂದ ಮೇಲೆ ಅದನ್ನು ತಡೆಯುವ ದಾರಿ ಸಿಕ್ಕಿತು. ಹಾಸನದ ಆಲೂಗೆಡ್ಡೆಗೆ ತಗಲುವ ಅಂಗಮಾರಿ ಇದರದೇ ಕೆಲಸ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೂ ಇದೇ ಕುಲದ ಜೀವಿ ಕಾರಣ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವ ರೈತನ ಕೈಯಲ್ಲಿ ಆ ತಿಳಿವಳಿಕೆಯ ಫಲವಿದೆ.

ಬರ್‌ನ ಚರಿತ್ರೆಯಲ್ಲಿ ಸೂಕ್ಷ್ಮದರ್ಶಕವೂ ಉಂಟು. ಅರ್ಲ್‌ನ ಬಂಧು ಮೇರಿ ವಾರ್ಡ್ 1827ರಲ್ಲಿ ಅದೇ ಜಿಲ್ಲೆಯಲ್ಲಿ ಹುಟ್ಟಿದವಳು. ಹುಡುಗಿ ಭೂತಗನ್ನಡಿ ಹಿಡಿದು ಕೀಟಗಳ ಚಿತ್ರ ಬರೆಯುತ್ತಿದ್ದುದನ್ನು ಕಂಡ ಜೇಮ್ಸ್ ಸೌತ್ ಎಂಬ ಖಗೋಳಜ್ಞ, ಇವಳಿಗೊಂದು ಸೂಕ್ಷ್ಮದರ್ಶಕ ಕೊಡಿಸಿ ಎಂದು ಆಕೆಯ ತಂದೆಗೆ ಹೇಳಿದ. ತಂದೆ ಕೊಡಿಸಿದ. ಆಗ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕೆ ಮನೆಯಲ್ಲೇ ಕಲಿತು, 1857ರಲ್ಲಿ ತನ್ನ ಮೊದಲ ಪುಸ್ತಕದ 250 ಪ್ರತಿಗಳನ್ನು ತಾನೇ ಅಚ್ಚು ಹಾಕಿಸಿದಳು. ಮುಂದೆ ಆಕೆಯ ಪುಸ್ತಕಗಳು ಹಲವು ಮುದ್ರಣ ಕಂಡವು. 1869ರಲ್ಲಿ ಬರ್‌ನ ಬೀದಿಯಲ್ಲೇ ಹಬೆಯ ಗಾಡಿಯಿಂದ ಬಿದ್ದು ತೀರಿಕೊಂಡಳು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಳಚಿಹಾಕಿದ್ದ ದೂರದರ್ಶಕವನ್ನು 1990ರ ದಶಕದಲ್ಲಿ ಮತ್ತೆ ಕಟ್ಟಿದರು. 2017ರಲ್ಲಿ ಅದೇ ಕೋಟೆಯ ಆವರಣದಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ಕೇಂದ್ರವೂ ಆರಂಭವಾಯಿತು.

ಚರಿತ್ರೆ ಎಂದರೆ ರಾಜಧಾನಿಗಳದೇ ಎಂದು ತಿಳಿದ ಮಕ್ಕಳು ಬರ್‌ನಂಥ ಸಂತೆಯೂರಿನ ಕತೆ ಓದಬೇಕು. ಓದಿ, ತಮ್ಮ ಊರಿನ ಕೆರೆಯನ್ನು ಕಟ್ಟಿದವರಾರು, ಬರಗಾಲದಲ್ಲಿ ಜನ ಏನು ತಿಂದು ಬದುಕಿದರು ಎಂದು ಅಜ್ಜ ಅಜ್ಜಿಯರನ್ನು ಕೇಳಬೇಕು. ತಂದೆ ತಾಯಂದಿರಿಗೂ ಇಲ್ಲೊಂದು ಮಾತಿದೆ. ಮಗಳು ಎಲೆಯ ಹುಳುವನ್ನು ನೋಡುತ್ತ ಕುಳಿತಿದ್ದರೆ ಪಾಠ ಓದು ಎಂದು ಗದರುವ ಮುನ್ನ, ಅವಳ ಕೈಗೊಂದು ಭೂತಗನ್ನಡಿ ಕೊಟ್ಟು ನೋಡಬಹುದು.