ಅಮ್ಮಾ, ನಿನಗೆ ಹೇಗಾಗಿತ್ತು?

ನಮ್ಮ ಸಂಪಾದಕರು ಸಿಕ್ಕಾಗಲೆಲ್ಲ "ಮಹಿಳೆಯರಿಗೆ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ" ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಬಹುಶಃ ಮೈಕ್ರೋವೇವ್ ಮೈಸೂರುಪಾಕು. ಈ ಸಲ ವಿಷಯ ಬೇರೆ. ಗಂಡಸರು ಪುಟ ತಿರುಗಿಸಬೇಕಾಗಿಲ್ಲ, ನಿಮ್ಮ ಮನೆಯಲ್ಲೂ ಮಗಳೋ ಸೊಸೆಯೋ ಇದ್ದಾರು.

ಬೇಸಿಗೆ ಪಿಕ್‌ನಿಕ್‌ನಲ್ಲಿ ನೀವು ಗಮನಿಸಿರಬಹುದು. ಹಗ್ಗ ಜಗ್ಗಾಟಕ್ಕೆ ಕರೆದರೆ ಐವತ್ತು ದಾಟಿದ ನಾವು ಹಲವರು "ಮಂಡಿನೋವು ಕಣ್ರೀ" ಎಂದು ಕುಳಿತೇ ಇರುತ್ತೇವೆ. ಎಲ್ಲರದ್ದೂ ಮಂಡಿಯ ತೊಂದರೆಯಲ್ಲ. ನನ್ನದಂತೂ ಅಲ್ಲ. 1993ರಲ್ಲಿ ಇದೇ ಮಿಶಿಗನ್ನಿನಲ್ಲಿ ನನ್ನ ಚೊಚ್ಚಲ ಹೆರಿಗೆ. ಮೂರು ಗಂಟೆ ತಿಣುಕಿದ ಮೇಲೆ ಫೋರ್ಸೆಪ್ಸ್, ಅಂದರೆ ಇಕ್ಕಳ ಹಾಕಿ ಮಗುವನ್ನು ತೆಗೆದರು. ತಾಯಿ ಮಗು ಇಬ್ಬರೂ ಕ್ಷೇಮ ಎಂದು ಮನೆಗೆ ಕಳಿಸಿದರು. ಅಂದಿನಿಂದ ಸೀನಿದರೆ, ಕೆಮ್ಮಿದರೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕದ ಕ್ಯಾಸೆಟ್ ಕೇಳಿ ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಊರಿನಿಂದ ಬಾಣಂತನಕ್ಕೆ ಬಂದಿದ್ದ ನಮ್ಮಮ್ಮ ಹಳೆಯ ಹತ್ತಿ ಸೀರೆಯಲ್ಲಿ ಹೊಟ್ಟೆ ಬಿಗಿದು ಕಟ್ಟಿ, "ಹೆತ್ತವರಿಗೆಲ್ಲ ಇದ್ದದ್ದೇ" ಎಂದರು. ಅವರಿಗೇ ಗರ್ಭಕೋಶ ಜಾರಿತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಆಪರೇಷನ್ನಿಗೆ ಸೇರಿಸಿದಾಗ.

2024ರ ಕೊನೆಯಲ್ಲಿ ಮಗಳು ಫೋನ್ ಮಾಡಿದಳು. ಆಗ ಅವಳಿಗೆ ಆರು ತಿಂಗಳು. "ಅಮ್ಮಾ, ತಾಯಿಗೆ, ಅಜ್ಜಿಗೆ ಈ ತರಹ ತೊಂದರೆ ಇತ್ತಾ ಅಂತ ಡಾಕ್ಟರು ಕೇಳ್ತಿದ್ದಾರೆ. ನಿನಗೆ ಹೇಗಾಗಿತ್ತು?" ಎಲ್ಲವನ್ನೂ ಹೇಳಿದೆ, ಅಜ್ಜಿಯದನ್ನೂ ಸೇರಿಸಿ. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಇವರು ಲೋಟ ಎತ್ತಿಕೊಂಡು ಮೆಲ್ಲಗೆ ಹೊರಗೆ ಹೋದರು.

ಇಷ್ಟು ವಿಚಾರಿಸುವುದು ಏಕೆ ಎಂಬ ಕುತೂಹಲ ನನಗೆ. ಕಾರಿನ ಕಂಪನಿಯೊಂದರಲ್ಲಿ ಸೀಟ್ ಬೆಲ್ಟಿನ ಪಟ್ಟಿಯನ್ನು ಹರಿಯುವ ತನಕ ಎಳೆದು ಪರೀಕ್ಷಿಸುವುದೇ ನನ್ನ ಉದ್ಯೋಗವಾಗಿತ್ತು. ಯಾವ ವಸ್ತು ಎಷ್ಟು ಹಿಗ್ಗುತ್ತದೆ, ಎಲ್ಲಿ ಕಿತ್ತುಬರುತ್ತದೆ ಎಂದು ತಿಳಿಯಲು ಒಂದು ತುಂಡನ್ನು ಹಾಳುಮಾಡಲೇಬೇಕು. ಬಸುರಿಯನ್ನು ಹಾಗೆ ಪರೀಕ್ಷಿಸಲಾದೀತೆ?

ಓದುತ್ತಾ ಹೋದರೆ, ಈ ಲೆಕ್ಕಾಚಾರದ ಬಹುಭಾಗ ನಡೆದಿರುವುದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಆನ್ ಆರ್ಬರ್‌ನಲ್ಲೇ. ಕಿಬ್ಬೊಟ್ಟೆಯ ತಳದಲ್ಲಿ ಮುಂದಿನ ಮೂಳೆಯಿಂದ ಹಿಂದಕ್ಕೆ ಜೋಲಿಯ ಹಾಗೆ ಕಟ್ಟಿಕೊಂಡಿರುವ ಸ್ನಾಯುವಿದೆ. ಮೂತ್ರಕೋಶ, ಗರ್ಭಕೋಶ ಎಲ್ಲವೂ ಅದರ ಮೇಲೆ ಕುಳಿತಿವೆ. ಮಿಶಿಗನ್ ವಿಶ್ವವಿದ್ಯಾಲಯದ ಡಾ. ಜಾನ್ ಡಿಲಾನ್ಸಿ ಮತ್ತು ಸಂಗಡಿಗರು 2003ರಲ್ಲಿ, ಒಂದೊಂದೇ ಹೆರಿಗೆಯಾಗಿದ್ದ 160 ಹೆಂಗಸರ ಎಂ.ಆರ್.ಐ. ಚಿತ್ರಗಳನ್ನು ನೋಡಿದರು. ಅವರಲ್ಲಿ ಅರ್ಧ ಜನ ಮೂತ್ರ ಸೋರುವ ತೊಂದರೆಯವರು. 32 ಜನರಲ್ಲಿ ಈ ಸ್ನಾಯುವಿಗೆ ಪೆಟ್ಟಾಗಿತ್ತು. ಹೆರದಿದ್ದ 80 ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಮರುವರ್ಷ ಎಂಜಿನಿಯರ್ ಜೇಮ್ಸ್ ಆಷ್ಟನ್-ಮಿಲ್ಲರ್ ಅವರ ಜೊತೆ ಕಂಪ್ಯೂಟರಿನಲ್ಲಿ ಮಗುವಿನ ತಲೆಯನ್ನು ಹಾಯಿಸಿ ನೋಡಿದಾಗ, ಸ್ನಾಯುವಿನ ಒಳಅಂಚು ಮೂಲ ಉದ್ದದ 3.26 ಪಟ್ಟು ಹಿಗ್ಗಬೇಕಾಗುತ್ತದೆಂದು ತಿಳಿಯಿತು. ಪಟ್ಟಿ ಎಳೆದವಳಾಗಿ ಹೇಳುತ್ತೇನೆ, ಇದು ಗಾಬರಿಯ ಅಂಕಿ. ಅಷ್ಟಾದರೂ ಹೆಚ್ಚಿನವರಿಗೆ ಸ್ನಾಯು ಕಿತ್ತುಬರುವುದಿಲ್ಲ! ಬಸುರಿನಲ್ಲಿ ಅಂಗಾಂಶವೇ ಬದಲಾಗುತ್ತದೆ. ಬಸುರಿ ಇಲಿಗಳಲ್ಲಿ ಈ ಸ್ನಾಯುವಿನ ಎಳೆಗಳು ಉದ್ದವಾಗುವುದನ್ನು ಸ್ಯಾನ್ ಡಿಯೇಗೋದ ವಿಜ್ಞಾನಿಗಳು 2015ರ ಹೊತ್ತಿಗೆ ತೋರಿಸಿದರು.

ಯಾರದು ಹಿಗ್ಗುತ್ತದೆ, ಯಾರದು ಹರಿಯುತ್ತದೆ ಎಂದು ಮೊದಲೇ ತಿಳಿಯುವುದೇ ಕಷ್ಟದ ಕೆಲಸ. ಅಲ್ಟ್ರಾಸೌಂಡಿನಲ್ಲಿ ಸ್ನಾಯುವಿನ ನಡುವಿನ ದಾರಿಯ ಅಗಲ ಅಳೆಯುತ್ತಾರೆ, ಅಂಗಾಂಶ ಎಷ್ಟು ಬಿಗಿ ಎಂದೂ ನೋಡುತ್ತಾರೆ. ಇವೆಲ್ಲ ಹೆಚ್ಚಾಗಿ ಸಂಶೋಧನೆಯ ಮಟ್ಟದಲ್ಲೇ ಇವೆ. ಹಾಗಾಗಿ ಸುತ್ತುಬಳಸಿನ ದಾರಿಯೂ ಬೇಕು. 2014ರಲ್ಲಿ ಯು.ಆರ್.-ಚಾಯ್ಸ್ ಎಂಬ ಲೆಕ್ಕವನ್ನು ಮುಂದಿಟ್ಟರು. ತಾಯಿಯ ವಯಸ್ಸು, ಎತ್ತರ, ತೂಕ, ಮಗುವಿನ ಅಂದಾಜು ತೂಕ, ಎಷ್ಟು ಮಕ್ಕಳು ಬೇಕು, ಬಸುರಿಗೆ ಮುಂಚೆಯೇ ಸೋರುತ್ತಿತ್ತೇ, ತಾಯಿಗೆ ಅಕ್ಕತಂಗಿಯರಿಗೆ ಇತ್ತೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಬಸುರಿಯಿಂದ ತುಂಡು ಕತ್ತರಿಸಲಾಗದ ಮೇಲೆ ನಾನೂ ನಮ್ಮಮ್ಮನೂ ಅವಳ ಸ್ಯಾಂಪಲ್‌ಗಳು! ಇನ್ನೊಂದು ಮಾತು. ಹಿಂದುಗಡೆಯ, ಅಂದರೆ ಮಲದ್ವಾರದ ಸ್ನಾಯು ಹರಿಯುವುದು ಬೇರೆಯೇ ಗಾಯ. ಬ್ರಿಟನ್ನಿನ ಪ್ರಸೂತಿ ತಜ್ಞರ ಮಾರ್ಗಸೂಚಿಯಲ್ಲಿ ಅದರ ಅಪಾಯ ಹೆಚ್ಚಿರುವವರ ಪೈಕಿ ಏಷ್ಯಾ ಮೂಲದವರನ್ನೂ ಹೆಸರಿಸಿದ್ದಾರೆ. ನಮ್ಮ ಹುಡುಗಿಯರು ಇದನ್ನು ತಮ್ಮ ಡಾಕ್ಟರ ಹತ್ತಿರ ಎತ್ತಬೇಕು.

ಹಾಗಾದರೆ ಸಿಸೇರಿಯನ್ನೇ ವಾಸಿಯಲ್ಲವೇ ಎಂದು ನಾನೂ ಕೇಳಿದೆ. ಜೋಲಿಯನ್ನು ಅದು ಬಹಳಮಟ್ಟಿಗೆ ಕಾಪಾಡುತ್ತದೆ, ಆದರೆ ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವಂಥ ಅಪಾಯ ತರುತ್ತದೆ. ಮಗಳಿಗೆ ಎರಡು ಮಕ್ಕಳು ಬೇಕು. ಅವಳು ಸಹಜ ಹೆರಿಗೆಯನ್ನೇ ಆರಿಸಿದಳು, ಆದರೆ ಸುಮ್ಮನೆ ಕೂರಲಿಲ್ಲ. ಫೋರ್ಸೆಪ್ಸ್‌ನಿಂದ ಈ ಸ್ನಾಯುವಿನ ಗಾಯ ಬಹಳ ಹೆಚ್ಚು, ಆದ್ದರಿಂದ ಮಗುವಿಗೆ ತುರ್ತಾದರೆ ಹೊರತು ಬೇಡ ಎಂದು ಮೊದಲೇ ಮಾತಾಡಿ ಬರೆಸಿದಳು. ಕೊನೆಯ ವಾರಗಳಲ್ಲಿ ಎಣ್ಣೆ ಹಚ್ಚಿ ಕೆಳಗಿನ ಭಾಗ ನೀವಿಕೊಂಡಳು. ತಲೆ ಬರುವ ಹೊತ್ತಿಗೆ ದಾದಿ ಬಿಸಿನೀರಿನ ಬಟ್ಟೆ ಒತ್ತಿ ಹಿಡಿದಳು. ದೊಡ್ಡ ಹರಿತಗಳನ್ನು ಇದು ಕಡಿಮೆ ಮಾಡುತ್ತದೆಂದು ಅಧ್ಯಯನಗಳೇ ಹೇಳುತ್ತವೆ, ನಮ್ಮ ಸೂಲಗಿತ್ತಿಯರನ್ನು ಕೇಳಿದ್ದರೂ ಆಗುತ್ತಿತ್ತೇನೋ.

2025ರ ಮಾರ್ಚಿನಲ್ಲಿ ಮೊಮ್ಮಗ ಹುಟ್ಟಿದ. ನಾಲ್ಕಾರು ಹೊಲಿಗೆ ಬಿದ್ದವು, ಇಕ್ಕಳ ಬೇಕಾಗಲಿಲ್ಲ. ಒಂದು ಸ್ಯಾಂಪಲ್‌ನಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೂ ಗೊತ್ತು. ಆರು ವಾರಕ್ಕೆ ಫಿಸಿಕಲ್ ಥೆರಪಿಗೆ ಹೊರಟವಳು ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿಂದ ಡಾಕ್ಟರು, ಅಲ್ಟ್ರಾಸೌಂಡು. ನನ್ನ ಬಲಗಡೆಯ ಸ್ನಾಯು ಮೂಳೆಯಿಂದ ಕಳಚಿದೆಯಂತೆ. ವ್ಯಾಯಾಮದಿಂದ ಅದು ಮತ್ತೆ ಅಂಟುವುದಿಲ್ಲ, ಉಳಿದದ್ದು ಬಲವಾಗುತ್ತದೆ. ಗುರುವಾರ ಹತ್ತು ಗಂಟೆಗೆ ನನ್ನ ಪಾಳಿ. ಥೆರಪಿಸ್ಟರ ವಿವರ ಬೇಕಾದವರು ದೀಪಾವಳಿ ಕಾರ್ಯಕ್ರಮದಲ್ಲಿ ಕಾಫಿ ಟೇಬಲ್ಲಿನ ಹತ್ತಿರ ನನ್ನನ್ನು ಕೇಳಿ. ಮಂಡಿನೋವಿಗೆ ಎಂದರೂ ನನಗೆ ಅರ್ಥವಾಗುತ್ತದೆ.